ಪಿಟೀಲು ಕೇಳಿದರೆ ಬ್ಯಾಗು ಹುಡುಕುವವನು

ಒಬ್ಬೊಬ್ಬರಿಗೆ ಒಂದೊಂದು ಸದ್ದಿನ ಭಯ. ಕೆಲವರಿಗೆ ಗುಡುಗು, ಕೆಲವರಿಗೆ ಹಲ್ಲಿನ ಡಾಕ್ಟರ ಯಂತ್ರ. ನನಗೆ ಪಿಟೀಲು. ಅದರಲ್ಲೂ ಹತ್ತಾರು ಪಿಟೀಲುಗಳು ಒಟ್ಟಿಗೆ ನಿಟ್ಟುಸಿರಿಟ್ಟು, ಅದರ ಮೇಲೆ ಒಬ್ಬ ಗಂಡಸು ಬೆಣ್ಣೆ ಸವರಿದಂಥ ದನಿಯಲ್ಲಿ ಹಳೆಯ ಪ್ರೇಯಸಿಯನ್ನು ನೆನೆಸಿಕೊಂಡರೆ ನನ್ನ ಅಂಗೈ ಬೆವರುತ್ತದೆ. ಅಂಗಡಿಯಲ್ಲಿ ಅಂಥ ಹಾಡು ಬಂದರೆ ಈಗಲೂ ಟೊಮೇಟೊ ಆರಿಸುವುದನ್ನು ಬಿಟ್ಟು, ನನ್ನ ಬ್ಯಾಗು ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ.

ತಪ್ಪು ಗಾಯಕನದಲ್ಲ. ನಮ್ಮಪ್ಪನಿಗೆ ಮೀಸೆ ಚಿಗುರುವ ಕಾಲಕ್ಕೇ ಅವನು ಹಾಡಿ ಹೆಸರು ಮಾಡಿದ್ದ. ತಪ್ಪು ನಮ್ಮ ಮ್ಯಾನೇಜರ್ ವಾಲ್ಟರನದು. ಬ್ಯಾಂಕುಗಳು ಒಂದರ ಹಿಂದೊಂದು ಮುಗ್ಗರಿಸುತ್ತಿದ್ದ ದಿನಗಳವು. ಮ್ಯಾನ್‌ಹಾಟನ್ನಿನ ನಮ್ಮ ಆಫೀಸಿನಲ್ಲೂ ಜನರನ್ನು ತೆಗೆಯುತ್ತಿದ್ದರು. ವಾಲ್ಟರ್ ಮೆದು ಮನಸ್ಸಿನವನು. ಯಾರನ್ನಾದರೂ ಮನೆಗೆ ಕಳಿಸುವ ಮುನ್ನ ತನ್ನ ಧೈರ್ಯಕ್ಕೆಂದು ಕೋಣೆಯಲ್ಲಿ ಆ ಗಾಯಕನ ಸಿ.ಡಿ. ಹಾಕುತ್ತಿದ್ದ. ಪಿಟೀಲು ಶುರುವಾದರೆ ನಾವು ಕೀಬೋರ್ಡಿನ ಮೇಲೆ ಬೆರಳು ನಿಲ್ಲಿಸಿ, ಇವತ್ತು ಯಾರು ಎಂದು ಕಾಯುತ್ತಿದ್ದೆವು. ಅಷ್ಟು ಏಕಾಗ್ರತೆಯಿಂದ ನಾನು ಮೈಸೂರಿನ ಯಾವ ಕಚೇರಿಯಲ್ಲೂ ಸಂಗೀತ ಕೇಳಿದ್ದಿಲ್ಲ.

ನನ್ನ ವೀಸಾ ನಿಂತಿದ್ದು ಈ ಕೆಲಸದ ಮೇಲೆ. ಅದು ಹೋದರೆ ನಾವಿದ್ದ ಪಿಸ್ಕಾಟವೇ ಊರಿನ ಅಪಾರ್ಟ್‌ಮೆಂಟು, ಮಗಳ ಶಾಲೆ ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು. ಹೀಗಿರುವಾಗ ಒಂದು ಮಧ್ಯಾಹ್ನ ಪಿಟೀಲು ಶುರುವಾಯಿತು. ವಾಲ್ಟರ್ ಬಾಗಿಲಲ್ಲಿ ನಿಂತು ನನ್ನನ್ನೇ ಕರೆದ.

ಒಳಗೆ ಸಿ.ಡಿ. ಸಿಕ್ಕಿಕೊಂಡು ಗಾಯಕ ಒಂದೇ ‘ಡಾರ್ಲಿಂಗ್’ ಅನ್ನು ಜಗಿಯುತ್ತಿದ್ದ. ಸರಿಮಾಡಿಕೊಡು ಎಂದ ವಾಲ್ಟರ್. ಅಂಗಿಯ ತುದಿಯಿಂದ ಒರೆಸಿ ಹಾಕಿದೆ, ಹಾಡಿತು. ‘ಥ್ಯಾಂಕ್ಸ್, ಯು ಕ್ಯಾನ್ ಗೋ’ ಎಂದ. ನಮ್ಮಲ್ಲಿ ಯಾರಾದರೂ ಹೊರಡುವಾಗ ‘ಹೋಗ್ತೀನಿ’ ಅನ್ನುತ್ತಾರೆಯೇ? ಅಮ್ಮ ಕಲಿಸಿದ್ದೇ ಬಾಯಿಗೆ ಬಂತು: ‘ಐ ವಿಲ್ ಕಮ್.’ ಇವನು ಮತ್ತೇಕೆ ಬರುತ್ತಾನೆಂದು ಗಾಬರಿಯಾಗಿ ವಾಲ್ಟರ್, ‘ನೋ, ನೋ, ಯು ಡೋಂಟ್ ಹ್ಯಾವ್ ಟು ಕಮ್’ ಎಂದುಬಿಟ್ಟ.

ಹಿಂದೆ ಪಿಟೀಲು, ಮುಂದೆ ಈ ಮಾತು. ಇನ್ನೇನು ಬೇಕು? ಮಗಳ ಫೋಟೊ, ಉಪ್ಪಿನಕಾಯಿ ಬಾಟಲಿ ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತಿದೆ.

‘ತೆಗೆದ್ವಿ ಅಂತ ಬಾಯಿಬಿಟ್ಟು ಹೇಳಿದ್ರೇನ್ರೀ?’ ಎಂದಳು ಹೆಂಡತಿ ಶಾಲಿನಿ.

‘ಬರೋದು ಬೇಡ ಅಂದ ಕಣೆ.’

‘ಎಲ್ಲಿಗೆ?’

ಇಂಜಿನಿಯರಿಂಗ್ ಓದಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಹೊಳೆಯುವ ಮುಂಚೆ ಬೆಳಗಾಗಿ ವಾಲ್ಟರನ ಫೋನು ಬಂತು: ‘ಎಲ್ಲಿದ್ದೀಯ ಮಾರಾಯ? ಮೀಟಿಂಗ್ ಶುರುವಾಗಿದೆ!’ ಹಿಂದಿನ ದಿನ ಅವನು ಸುಮ್ಮನೆ ಹಾಡು ಕೇಳುತ್ತಿದ್ದನಂತೆ. ಓಡಿಹೋಗಿ ನಮ್ಮ ‘ಬರ್ತೀನಿ’ಯ ಅರ್ಥ ಬಿಡಿಸಿ ಹೇಳಿದೆ. ಅವನಿಗೆ ಬಹಳ ಹಿಡಿಸಿತು.

ಕೆಲವು ವಾರಗಳ ಮೇಲೆ ವಾಲ್ಟರನ ಕೆಲಸವೇ ಹೋಯಿತು. ಅವತ್ತು ಅವನಿಗಾಗಿ ಯಾರೂ ಪಿಟೀಲು ಹಾಕಲಿಲ್ಲ. ಸಿ.ಡಿ.ಯನ್ನು ಎದೆಗೊತ್ತಿಕೊಂಡು ಲಿಫ್ಟಿನ ಬಳಿ ನಿಂತವನು ನನ್ನನ್ನು ನೋಡಿ, ‘ಐ ವಿಲ್ ಕಮ್’ ಎಂದ. ನಾನು ‘ಕಮ್, ಕಮ್’ ಎಂದೆ.

ಬಂದೇಬಿಟ್ಟ. ಭಾನುವಾರ, ದೋಸೆಯ ಹೊತ್ತಿಗೆ, ಸಿ.ಡಿ. ಸಮೇತ. ಆಮೇಲೆ ಪ್ರತಿ ಭಾನುವಾರ. ಶಾಲಿನಿ ಚಟ್ನಿ ಬಡಿಸುತ್ತಾ ಹಾಡಿಗೆ ತಲೆದೂಗುತ್ತಾಳೆ. ನಾನು ನನ್ನದೇ ಸೋಫಾದ ತುದಿಯಲ್ಲಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಹೊರಡುವಾಗ ಅವನು ಈಗ ಕನ್ನಡದಲ್ಲೇ ‘ಬರ್ತೀನಿ’ ಎನ್ನುತ್ತಾನೆ. ಅದಕ್ಕೆ ಕೊಡಬೇಕಾದ ಉತ್ತರವನ್ನು ಅವನೇ ನನಗೆ ಅವತ್ತು ಆಫೀಸಿನ ಕೋಣೆಯಲ್ಲಿ ಒಳ್ಳೆಯ ಇಂಗ್ಲಿಷಿನಲ್ಲಿ ಕಲಿಸಿಕೊಟ್ಟಿದ್ದಾನೆ. ಆದರೆ ಬಾಗಿಲಲ್ಲಿ ನಿಂತಾಗ ನನ್ನ ಬಾಯಿಗೆ ಬರುವುದು ‘ಬನ್ನಿ, ಬನ್ನಿ’ ಮಾತ್ರ.