ಬಾಣಂತಿ ಕೋಣೆಗೆ ನೂರು ಕ್ಯಾಂಡಲ್ ಬಲ್ಬು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಮೋಸ ಮಾಡುವುದು ಸುಲಭವಲ್ಲ. ಕೊಪ್ಪದ ಹಾಲಿನ ಡೇರಿಯಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದವನು ನಾನು. ಬೆಳಿಗ್ಗೆ, ಸಂಜೆ ಊರವರ ಹಾಲಿಗೆಲ್ಲ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೀರು ಹುಡುಕಿದವನು. ಸ್ವಂತ ಅತ್ತೆ ತಂದ ಹಾಲನ್ನೂ ವಾಪಸ್ ಕಳಿಸಿದ್ದೇನೆ! ನಿವೃತ್ತಿಯ ದಿನ ಲ್ಯಾಕ್ಟೋಮೀಟರನ್ನು ಡೇರಿಗೆ ಒಪ್ಪಿಸಿ, ಅನುಮಾನವನ್ನು ಮಾತ್ರ ಮನೆಗೆ ತಂದುಕೊಂಡೆ.

ಹಾಗಾಗಿ, ಕೆಲವು ವರ್ಷಗಳ ಹಿಂದೆ ಸರ್ಕಾರ ಕರೆಂಟು ಬಿಲ್ಲು ತೋರಿಸಿದವರಿಗೆಲ್ಲ ಅಗ್ಗದ ದರದಲ್ಲಿ ಎಲ್‌ಇಡಿ ಬಲ್ಬು ಕೊಡತೊಡಗಿದಾಗ ಊರೆಲ್ಲ ಸಾಲು ನಿಂತರೂ ನಾನು ನಿಲ್ಲಲಿಲ್ಲ. ಕೇಳಿದ್ದನ್ನೇ ಕೊಡದ ಸರ್ಕಾರ ಕೇಳದ್ದನ್ನು ಕೊಡುತ್ತಿದೆ ಎಂದರೆ ಅದರೊಳಗೆ ಏನೋ ಇರಲೇಬೇಕು! "ಕ್ಯಾಮರಾ ಇದ್ರೂ ಇರ್ಬೋದು ಕಣ್ರಪ್ಪ" ಎಂದು ಅರಳಿಕಟ್ಟೆಯಲ್ಲಿ ಕೂತು ಎಲ್ಲರನ್ನೂ ಎಚ್ಚರಿಸಿದೆ.

"ನಿಮ್ ಮೊಕ ನೋಡದು ಬುಟ್ರೆ ಸರ್ಕಾರಕ್ಕೆ ಬ್ಯಾರೆ ಕೆಲ್ಸಿಲ್ವ?" ಎಂದು ಹೆಂಡತಿ ಜಯಮ್ಮ ನಾಲ್ಕು ಬಲ್ಬು ತಂದೇಬಿಟ್ಟಳು. ನಾನು ಸುಮ್ಮನಿರಲಿಲ್ಲ. ಮುಂದೊಂದು ದಿನ ಹಳೆಯ ಬಲ್ಬನ್ನೇ ನಮ್ಮಿಂದ ಕಿತ್ತುಕೊಳ್ಳುತ್ತಾರೆ ಎಂದು ಊಹಿಸಿ, ನೂರು ವ್ಯಾಟಿನ ಹಳದಿ ಬಲ್ಬು ಒಂದು ಡಜನ್ ಕೊಂಡು ಅಟ್ಟದ ಮೇಲೆ ಬಚ್ಚಿಟ್ಟೆ. ನಮ್ಮ ಅವ್ವ ಇವತ್ತಿಗೂ ಅದನ್ನು ನೂರು ಕ್ಯಾಂಡಲ್ ಬಲ್ಬು ಎನ್ನುತ್ತಾಳೆ.

ಆ ಬಲ್ಬುಗಳಿಗೆ ಕೆಲಸ ಬಂದದ್ದು ಈ ಚಳಿಗಾಲದಲ್ಲಿ. ಮಗಳು ಸವಿತಾಳಿಗೆ ಮಂಡ್ಯದ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲವೆ? ಆದರೆ ಬೆಳಕವಾಡಿಯಿಂದ ಬಂದಿದ್ದ ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಆಸ್ಪತ್ರೆಯಲ್ಲೇ ರಾಗ ತೆಗೆದರು.

"ನಿಮ್ದು ಹೆಂಚಿನ ಮನೆ, ಸುತ್ತ ಗದ್ದೆ ಬಯ್ಲು. ಮಗೀಗೆ ಸೀತ ಆದ್ರೆ ಏನ್ಮಾಡದು? ನಾನೇ ಕರ್ಕೊಂಡು ಓಯ್ತೀನಿ ಬುಡಿ."

ಸವಿತಾ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ತಡೆಯಲಾಗಲಿಲ್ಲ. "ಬೀಗ್ರೆ, ಮನೆಗೋದ ಮೂರ್ನೇ ದಿನ ಬಂದು ನೋಡಿ. ಕೋಣೆ ಬೆಚ್ಚಗಿಲ್ದಿದ್ರೆ ತಾಯಿ ಮಗು ಇಬ್ರನ್ನೂ ಅವತ್ತೇ ಕರ್ಕೊಂಡೋಗಿ!" ಎಂದು ಎದೆ ತಟ್ಟಿ ಹೇಳಿದೆ.

ಕೆಂಡದ ಬಾಣಲೆ ಇಡೋಣವೆಂದರೆ, ಮಗುವಿನ ಕೋಣೆಯಲ್ಲಿ ಹೊಗೆ ಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. "ಸವಿತಾ ಉಟ್ಟಿದಾಗ ನೂರು ಕ್ಯಾಂಡ್ಲು ಬಲ್ಬು ಇಳೆಬುಟ್ಟಿರ್ನಿಲ್ವ? ಅದ್ನೇ ಆಕ್ಲಾ" ಎಂದಳು ಅವ್ವ. ನಾನು ಗಂಭೀರವಾಗಿ ಏಣಿ ತರಿಸಿದೆ. ಇಡೀ ಊರಿನಲ್ಲಿ ದೂರದೃಷ್ಟಿ ಇದ್ದವನು ಯಾರೆಂದು ಈಗ ಗೊತ್ತಾಗಲಿ!

ಮೊದಲ ಬಲ್ಬು ಉರಿಯಲಿಲ್ಲ. ಎರಡನೆಯದೂ ಇಲ್ಲ. ಹನ್ನೆರಡೂ ಉರಿಯಲಿಲ್ಲ!

ಕಾರಣವನ್ನು ನಾನೇ ಒಪ್ಪಿಕೊಳ್ಳಬೇಕು. ಯಾರಾದರೂ ಒಳ್ಳೆಯ ಬಲ್ಬು ಕದ್ದು ಸುಟ್ಟುಹೋದದ್ದನ್ನು ಇಟ್ಟಾರೆಂಬ ಅನುಮಾನದಿಂದ ತಿಂಗಳಿಗೊಮ್ಮೆ ಅಟ್ಟ ಹತ್ತಿ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಗಲಗಲ ಅಲ್ಲಾಡಿಸಿ ಪರೀಕ್ಷಿಸುತ್ತಿದ್ದೆ. ಒಳಗಿನ ತಂತಿ ಎಷ್ಟು ವರ್ಷ ತಾನೇ ತಡೆದೀತು?

"ಅಲ್ಲಾಡ್ಸಿ ಅಲ್ಲಾಡ್ಸಿ ಸಾಯಿಸಿದ್ದೀಯ ಕಣ್ಲಾ" ಎಂದಳು ಅವ್ವ.

"ಮದ್ದೂರಿಂದ ಒಂದು ಹೀಟ್ರು ತತ್ತೀರಾ?" ಎಂದಳು ಜಯಮ್ಮ.

"ಅದೇ ಸರ್ಕಾರದೋರ ಉಪಾಯ! ಬಲ್ಬು ಕಿತ್ಕೊಂಡು ಹೀಟ್ರು ಮಾರದು. ನಾನು ಬಲೆಗೆ ಬೀಳನಲ್ಲ!" ಎಂದು ಚೀಲ ಹಿಡಿದು ಹೊರಟೆ.

ಮದ್ದೂರಿನ ಅಂಗಡಿಯವನು, "ಈಗ ಎಲ್ಲಾ ಎಲ್‌ಇಡಿನೇ ಕಣಣ್ಣ. ಹಳೇದ್ನ ಯಾರೂ ಕೇಳಕಿಲ್ಲ, ನಾವೂ ತರ್ಸಕಿಲ್ಲ" ಎಂದ. ಹೇಳುವಾಗ ಕೆಳಗೆ ನೋಡಿದ. ನನಗೆ ಆಗಲೇ ಸಂಶಯ ಬಂತು. ಮಂಡ್ಯಕ್ಕೆ ಹೋದೆ. ಅಲ್ಲೂ ಅದೇ ಮಾತು! ಇಬ್ಬರೂ ಒಂದೇ ಮಾತು ಹೇಳುತ್ತಾರೆಂದರೆ ಮೊದಲೇ ಮಾತಾಡಿಕೊಂಡಿದ್ದಾರೆ ಎಂದೇ ಅರ್ಥ.

"ಹಳೇ ಬಲ್ಬು ಮಾರಬಾರದು ಅಂತ ಸರ್ಕಾರದ ಆದೇಶ ಇದ್ಯಾ? ಇದ್ರೆ ಅದರ ನಕಲು ಕೊಡಿ" ಎಂದು ಮೇಜು ಕುಟ್ಟಿದೆ. "ನಾನು ಗ್ರಾಹಕ! ನನ್ನ ಮನೇಲಿ ಯಾವ ಬಲ್ಬು ಉರೀಬೇಕು ಅಂತ ತೀರ್ಮಾನ ಮಾಡೋ ಹಕ್ಕು ನಂದು!"

ಅಂಗಡಿಯವರು ತಾಳ್ಮೆಯಿಂದ ಕೇಳಿಸಿಕೊಂಡು, "ಅಕ್ಕು ನಿಮ್ದೇ ಸಾರ್. ಬಲ್ಬು ಮಾತ್ರ ನಮ್ತವ ಇಲ್ಲ" ಎಂದರು.

ಮಳವಳ್ಳಿಗೆ ಬಸ್ಸು ಹತ್ತಿದೆ. ಅಷ್ಟರಲ್ಲಿ, ಗಟ್ಟಿಯಾಗಿ ಕೇಳುವುದೇ ತಪ್ಪು, ಇಂಥ ಮಾಲನ್ನು ಗುಟ್ಟಾಗಿ ಕೇಳಬೇಕು ಎಂದು ಹೊಳೆದಿತ್ತು. ಒಂದು ಸಣ್ಣ ಅಂಗಡಿ ನೋಡಿ, ಒಳಗೆ ಬಗ್ಗಿ, "ಹಳೇ ಮಾಡ್ಲು... ಹಳದಿ... ಇದ್ಯಾ?" ಎಂದು ಪಿಸುಗುಟ್ಟಿದೆ. ಆತ ಒಂದು ಬಲ್ಬು ತೆಗೆದು ಹೋಲ್ಡರಿಗೆ ಸಿಕ್ಕಿಸಿದ. ಆಹಾ! ಅದೇ ಗಾಜು, ಒಳಗೆ ಅದೇ ಹಳದಿ ಎಳೆಗಳು, ಅದೇ ಬೆಳಕು! ನನ್ನ ಕಣ್ಣು ತುಂಬಿ ಬಂತು.

"ನೋಡಕಸ್ಟೇ ಹಳೇದು ಕಣಣ್ಣ. ಇದೂ ಎಲ್‌ಇಡಿನೇ. ಬಿಸಿನೇ ಆಗಕಿಲ್ಲ, ಮುಟ್ಟಿ ನೋಡಿ" ಎಂದು ಆತ ಜೋರಾಗಿ ಹೇಳಿದ.

ಇಷ್ಟು ಜೋರಾಗಿ ಯಾಕೆ ಹೇಳಿದ? ತಿರುಗಿ ನೋಡಿದೆ. ಪಕ್ಕದಲ್ಲಿ ಖಾಕಿ ಅಂಗಿಯ ಮನುಷ್ಯನೊಬ್ಬ ನಿಂತಿದ್ದ. ಇನ್ಸ್‌ಪೆಕ್ಟರೇ ಇರಬೇಕು! ಪಾಪ, ಅಂಗಡಿಯವನು ಅವನಿಗೆ ಕೇಳಿಸಲೆಂದು ಸುಳ್ಳು ಹೇಳುತ್ತಿದ್ದಾನೆ.

"ಗೊತ್ತಾಯ್ತು, ಗೊತ್ತಾಯ್ತು. ಎಲ್‌ಇಡಿ! ಬಿಸಿ ಆಗಲ್ಲ!" ಎಂದು ನಾನೂ ಜೋರಾಗಿ ಹೇಳಿ, ಕಣ್ಣು ಹೊಡೆದೆ. ಆತ ಗಾಬರಿಯಿಂದ ನೋಡಿದ. ನಾಲ್ಕು ಬಲ್ಬು ಕಟ್ಟಿಸಿದೆ. ಸಾಕ್ಷಿ ಉಳಿಯಬಾರದೆಂದು ಬಿಲ್ಲನ್ನೂ ಬೇಡವೆಂದೆ. ಹೊರಗೆ ಬರುವಾಗ ಆ ಖಾಕಿಯವನು, "ಬಸ್ ಸ್ಟ್ಯಾಂಡಿಗೆ ಬತ್ತೀರಾ ಸಾರ್? ಆಟೋ ಅದೆ" ಎಂದ. ವೇಷ ಬೇರೆ ಹಾಕಿದ್ದಾನೆ ಎಂದುಕೊಂಡು ನಡೆದೇ ಹೋದೆ.

ಮಾರನೆಯ ದಿನ ತಾಯಿ ಮಗು ಮನೆಗೆ ಬಂದರು. ಬಲ್ಬು ಹಾಕಿದೆ. ಅವ್ವ ಅದರ ಕೆಳಗೆ ಅಂಗೈ ಹಿಡಿದಳು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಬಲ್ಬನ್ನೇ ಹಿಡಿದುಕೊಂಡಳು.

"ಏನ್ಲಾ ಇದು, ತಣ್ಣಗೆ ಕೂತದೆ!"

"ವೋಲ್ಟೇಜ್ ಕಡಿಮೆ" ಎಂದು ಇನ್ನೊಂದು ಹಾಕಿದೆ. ಸಾಲದೆಂದು ಉಳಿದೆರಡನ್ನೂ ಹಾಕಿದೆ. ಕೋಣೆ ಮದುವೆ ಛತ್ರವಾಯಿತು, ಚಳಿ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಮಗು ಬೆಳಕಿಗೆ ಮುಖ ಕಿವುಚಿ ಅಳತೊಡಗಿತು. "ಅಪ್ಪಾ, ದಮ್ಮಯ್ಯ, ಆರ್ಸಪ್ಪ. ಇಬ್ರಿಗೂ ಕಣ್ಮುಚ್ಚಕಾಯ್ತಿಲ್ಲ" ಎಂದಳು ಸವಿತಾ. ನಾಲ್ಕನ್ನೂ ಆರಿಸಿದೆ. ಅಂಗಡಿಯವನು ಹೇಳಿದ್ದು ನಿಜವಾಗಿತ್ತು! ಮನುಷ್ಯರು ಎದುರಿಗೆ ನಿಂತು ಹೀಗೆ ನಿಜ ಹೇಳಿದರೆ ನನ್ನಂಥವನ ಗತಿಯೇನು?

ಮೂರನೆಯ ದಿನ ಬೆಳಿಗ್ಗೆ ಬೀಗಿತ್ತಿ ಬಂದರು. ಬರುವಾಗಲೇ ಮಗುವನ್ನು ಸುತ್ತಲು ಎರಡು ಕಂಬಳಿ ತಂದಿದ್ದರು. ಕೋಣೆಗೆ ಕಾಲಿಟ್ಟವರೇ, ಸೆರಗನ್ನು ಭುಜದ ಮೇಲೆ ಎಳೆದುಕೊಂಡು, "ಸವಿತಾ, ಬಟ್ಟೆ ಕಟ್ಕೊ" ಎಂದರು. ಸವಿತಾ ಜಯಮ್ಮನ ಕೈ ಹಿಡಿದುಕೊಂಡಳು. ನಾನು ತಲೆ ತಗ್ಗಿಸಿ ನಿಂತೆ. ಮಾತು ಕೊಟ್ಟವನು ನಾನೇ ತಾನೆ?

ಅಷ್ಟರಲ್ಲಿ ಮಗುವನ್ನು ನೋಡಲು ಆಸ್ಪತ್ರೆಯ ನರ್ಸಮ್ಮ ಬಂದರು. ಜಯಮ್ಮ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಏನೋ ಹೇಳಿದಳು. ನರ್ಸಮ್ಮ ಒಳಗೆ ಬಂದು, "ಬಲ್ಬೂ ಬೇಡ, ಇಷ್ಟು ಎಳೇ ಮಗೂಗೆ ದೂರದ ಪ್ರಯಾಣಾನೂ ಬೇಡ. ಬರೀ ಮೈಗೆ ಮೈ ತಾಗೋ ಹಾಗೆ ಎದೆ ಮೇಲೆ ಮಲಗಿಸ್ಕೊಂಡು ಮೇಲೆ ಹೊದಿಸಿ, ಸಾಕು. ತಾಯಿಗೆ ಸುಸ್ತಾದಾಗ ಮನೆಯವರು ಯಾರಾದ್ರೂ ಮಲಗಿಸ್ಕೋಬಹುದು. ಈಗ ತಾತನೇ ಬರ್ಲಿ, ಎದೆ ಅಗಲ ಇದೆ" ಎಂದರು.

ಆರೋಗ್ಯ ಇಲಾಖೆಯೇ ನನ್ನನ್ನು ಆರಿಸಿದ ಮೇಲೆ ಕೇಳಬೇಕೆ! ಅಂಗಿ ಬಿಚ್ಚಿ ಒರಗಿ ಕೂತೆ. ಮಗುವನ್ನು ಎದೆಯ ಮೇಲೆ ಮಲಗಿಸಿ ಬೀಗಿತ್ತಿಯ ಕಂಬಳಿಯನ್ನೇ ಹೊದಿಸಿದರು. ಐದೇ ನಿಮಿಷದಲ್ಲಿ ಮಗು ಅಳು ನಿಲ್ಲಿಸಿ ನಿದ್ದೆ ಹೋಯಿತು. ಬೀಗಿತ್ತಿ ಅದರ ಅಂಗಾಲು ಮುಟ್ಟಿ ನೋಡಿ, "ಬೆಚ್ಚಗದೆ. ಆಯ್ತು, ಇಲ್ಲೇ ಇರ್ಲಿ ಬುಡಿ" ಎಂದರು. ಸವಿತಾ ನಕ್ಕಳು.

ಬೀಗಿತ್ತಿ ಮಧ್ಯಾಹ್ನದ ಬಸ್ಸಿಗೆ ಹೋದರು. ಸವಿತಾ ಗಾಢ ನಿದ್ದೆಯಲ್ಲಿದ್ದಳು. ಮಗು ಇನ್ನೂ ಎದ್ದಿರಲಿಲ್ಲ. ನನ್ನ ಸೊಂಟ ಹಿಡಿದುಕೊಂಡಿತ್ತು, ಎರಡು ಸಲ ಪಂಚೆ ಒದ್ದೆಯಾಗಿತ್ತು. ಆಗ ನನಗೊಂದು ಅನುಮಾನ ಬಂತು.

"ಜಯಾ, ಬಾಗಿಲಲ್ಲಿ ನರ್ಸಮ್ಮಂಗೆ ಏನೋ ಹೇಳಿದೆಯಲ್ಲ, ಏನದು?" ಎಂದು ಪಿಸುಗುಟ್ಟಿದೆ.

"ಯಾರಾದ್ರೂ ಆಗ್ಬೋದು ಅಂತ ಅವ್ರೇ ಅಂದ್ರು. ನಿಮ್ಮನ್ನೇ ಕೂರ್ಸಿ ಅಂದೋಳು ನಾನು" ಎಂದಳು.

"ನನ್ನನ್ನೇ ಯಾಕೆ?"

"ಬಾಣಂತನ ಮುಗಿಯಗಂಟ ನೀವು ಬ್ಯಾರೆ ಏನ್ಕೂ ಕೈ ಆಕ್ಬಾರ್ದು ಅಂತ."

ಡೇರಿ ಬಿಟ್ಟ ಮೇಲೆ ಮೊದಲ ಬಾರಿಗೆ ನನ್ನ ಒಂದು ಅನುಮಾನ ನಿಜವಾಗಿತ್ತು! ಎದ್ದು ಊರಿಗೆಲ್ಲ ಕೇಳುವಂತೆ ಕೂಗೋಣವೆಂದರೆ, ಮಗು ಮಲಗಿತ್ತು.