ನಾದಿನಿಗೆ ಗುರುವನ್ನು ತೋರಿಸಿದ್ದು

ದಣಿದ ಮನುಷ್ಯನಿಗೆ ಆಕಾಶದ ಗೊಡವೆ ಇರುವುದಿಲ್ಲ. ದಾವಣಗೆರೆಯ ಹತ್ತಿ ಗಿರಣಿಯ ಕಚೇರಿಯಲ್ಲಿ ದಿನವಿಡೀ ಕೂತು ಬೆನ್ನು ನೋಯಿಸಿಕೊಂಡು ಬರುವ ನನಗೆ, ಮೇಲೆ ಏನೋ ಹೊಳೆಯುತ್ತದೆ ಎಂಬ ನಂಬಿಕೆ ಇತ್ತು. ಪರೀಕ್ಷೆ ಮಾಡುವ ಉಮೇದು ಇರಲಿಲ್ಲ. ಅಂಥವನು ಒಂದು ಸಂಜೆ ಊಟಕ್ಕೆ ಕೂತಾಗ ಪೇಪರಿನಲ್ಲಿ ಓದಿದ್ದನ್ನು ಸುಮ್ಮನೆ ಬಾಯಿಬಿಟ್ಟೆ. ಈ ತಿಂಗಳು ಗುರುಗ್ರಹ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತಂತೆ, ಎಂದೆ.

ನಾದಿನಿ ಶಾಂತಾ ತಟ್ಟನೆ ತಲೆ ಎತ್ತಿದಳು. ಅವಳು ನನ್ನ ಹೆಂಡತಿಯ ತಂಗಿ, ನಮ್ಮ ಮನೆಯಲ್ಲಿದ್ದುಕೊಂಡು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮಾಯಕೊಂಡದ ಮೇಷ್ಟ್ರೊಬ್ಬರು ಅವಳನ್ನು ಒಪ್ಪಿ ಕಾದು ಕೂತಿದ್ದರು. ಅವಳಿಗೂ ಮನಸ್ಸಿತ್ತು. ಹರಿಹರದಲ್ಲಿದ್ದ ನಮ್ಮ ಮಾವ ಮಾತ್ರ ವರ್ಷವರ್ಷವೂ "ಹುಡುಗಿಗೆ ಗುರುಬಲ ಇಲ್ಲ" ಎಂದು ಮುಂದಕ್ಕೆ ತಳ್ಳುತ್ತಿದ್ದರು.

"ಭಾವ, ಆ ಗುರುನ್ನ ನಂಗೊಮ್ಮೆ ತೋರಿಸ್ರಿ," ಎಂದಳು. "ಇಷ್ಟು ವರ್ಷ ನಂಗೆ ಅಡ್ಡ ನಿಂತೋನ ಮುಖ ಹೆಂಗೈತೆ ನೋಡ್ಬೇಕು."

ಅವಳು ನಗುತ್ತಿರಲಿಲ್ಲ. ಹಾಗಾಗಿ ನಾನೂ ಏಳಲೇಬೇಕಾಯಿತು. ಮಾಳಿಗೆ ಹತ್ತಿ, ಗಿರಣಿಯ ಹೊಗೆಯ ನಡುವೆ ಹುಡುಕಿ ಹುಡುಕಿ, ಕೊನೆಗೆ ಕೆಂಪಗೆ ಉರಿಯುತ್ತಿದ್ದ ಒಂದನ್ನು ಬೆರಳು ಮಾಡಿ ತೋರಿಸಿದೆ. ಶಾಂತಾ ಭಕ್ತಿಯಿಂದಲೋ ಸಿಟ್ಟಿನಿಂದಲೋ ಅದನ್ನೇ ದಿಟ್ಟಿಸಿದಳು. ಹಿಂದೆ ಬಂದ ನನ್ನ ಹೆಂಡತಿ, "ಅದು ನಿಮ್ಮ ಗಿರಣಿ ಚಿಮಣಿ ಮೇಲಿನ ದೀಪ ಅಲ್ಲೇನ್ರಿ? ದಿನಾ ಅದರ ಬುಡಕ್ಕೇ ಹೋಗಿ ಬರ್ತೀರಲ್ಲ!" ಎಂದಳು.

ಆ ಶನಿವಾರ ರೈಲು ಹತ್ತಿ ಹರಿಹರಕ್ಕೆ ಹೋದೆವು. ಅಲ್ಲಿ ಹೊಳೆಯ ದಂಡೆಗೆ ಹೊಗೆಯಿಲ್ಲ. ಗ್ರಹ ನೋಡುವ ಸುದ್ದಿ ಕೇಳಿ ಮಾವನವರೂ ಕೋಲೂರಿಕೊಂಡು ಬಂದರು. ಹೊತ್ತು ಮುಳುಗಿ ಕತ್ತಲಾಗುತ್ತಿದ್ದಂತೆ ಪಡುವಣದಲ್ಲಿ ಒಂದು ಚುಕ್ಕಿ ಝಗ್ಗೆಂದಿತು. "ಅಗೋ ಗುರು. ಕೈ ಮುಗೀರಿ," ಎಂದು ಮಾವ ಕೋಲೆತ್ತಿದರು. ಎಲ್ಲರೂ ಕೈ ಮುಗಿದೆವು. ನಾನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಬೇಗ ಹೋಗಿ ಮಲಗಬಹುದಿತ್ತು.

"ಮಾವ, ಅದು ಶುಕ್ರ. ಗುರು ಈ ಕಡೆ," ಎಂದು ಮೂಡಣಕ್ಕೆ ತಿರುಗಿ, ಮರಗಳ ಮೇಲೆ ನಿಂತಿದ್ದ ಇನ್ನೊಂದನ್ನು ತೋರಿಸಿದೆ. "ನೋಡ್ರಿ, ಗ್ರಹ ಮಿಣುಕೋದಿಲ್ಲ."

"ನನ್ನ ಕಣ್ಣಿಗೆ ಎಲ್ಲಾನೂ ಮಿಣುಕ್ತಾವೆ," ಎಂದರು ಮಾವ. "ಪಂಚಾಂಗ ನೋಡಿ ನೋಡಿ ತಲೆ ಹಣ್ಣಾಗೈತೆ ನಂದು. ನಿಮಗೆ ಖಾತ್ರಿ ಐತೇನ್ರಿ, ಅಳಿಯಂದಿರೇ?"

ಖಾತ್ರಿ ಎಲ್ಲಿಂದ ಬರಬೇಕು? ಪೇಪರನ್ನು ನನ್ನ ಹೆಂಡತಿ ಆಗಲೇ ಮೆಣಸಿನಪುಡಿ ಡಬ್ಬಿಯ ಕೆಳಗೆ ಹಾಸಿದ್ದಳು. ನಾನು ಪೂರ್ವ, ಅವರು ಪಶ್ಚಿಮ, ಮಾತು ಬೆಳೆಯಿತು. ಆಗ ಶಾಂತಾ ಮೆಲ್ಲಗೆ ಹೇಳಿದಳು: "ಅಪ್ಪಾಜಿ, ಗುರು ಯಾವ ಕಡೆ ಅದಾನೆ ಅಂತಾನೇ ನಿಮಗೆ ಗೊತ್ತಿಲ್ಲ. ನನ್ನ ಮೇಲೆ ಅವನ ಕೃಪೆ ಇಲ್ಲ ಅಂತ ಮಾತ್ರ ಹೆಂಗೆ ಗೊತ್ತಾತು?"

ಮಾವ ಪಡುವಣ ನೋಡಿದರು, ಮೂಡಣ ನೋಡಿದರು, ಆಮೇಲೆ ಮಗಳ ಮುಖ ನೋಡಿ ಮರಳಿನ ಮೇಲೆ ಕೂತುಬಿಟ್ಟರು. "ಗುರುಬಲ ಅನ್ನೋದು ಒಂದು ನೆವ ಕಣವ್ವಾ," ಎಂದರು. "ನಿಮ್ಮಕ್ಕನ್ನ ಗಡಿಬಿಡಿ ಮಾಡಿ ಕೊಟ್ಬಿಟ್ಟೆ. ನಿನ್ನನ್ನಾದ್ರೂ ನಿಧಾನಕ್ಕೆ ನೋಡಿ ಕೊಡಾಣ ಅಂತಿದ್ದೆ. ಹೋಗ್ಲಿ, ಆ ಮೇಷ್ಟ್ರಿಗೆ ಬರಾಕೆ ಹೇಳಿ ಕಳಿಸು."

ನಿಮ್ಮಕ್ಕನ್ನ ಗಡಿಬಿಡಿ ಮಾಡಿ ಕೊಟ್ಟದ್ದು ಯಾರಿಗೆ? ನಾನು ಅವರ ಪಕ್ಕದಲ್ಲೇ, ಆಕಾಶಕ್ಕೆ ಬೆರಳೆತ್ತಿಕೊಂಡು ನಿಂತಿದ್ದೆ.

ಶಾಂತಾಳ ಮದುವೆ ಆಯಿತು, ಚೆನ್ನಾಗಿದ್ದಾಳೆ. ಆದರೆ ಅಂದು ಊರಿಗೆ ಮರಳುವಾಗ ರೈಲಿನಲ್ಲಿ ನನ್ನ ಹೆಂಡತಿಯನ್ನು ಕೇಳದೆ ಇರಲಾಗಲಿಲ್ಲ: "ನಿಮ್ಮಪ್ಪ ಅಂದಿದ್ದು ಕೇಳಿಸ್ತಾ?"

"ಪಾಪ, ಅಪ್ಪಾಜಿಗೆ ವಯಸ್ಸಾತು," ಎಂದಳು. "ಆದ್ರೂ ಒಂದೊಂದ್ಸಲ ಸರಿಯಾಗೇ ಮಾತಾಡ್ತಾರೆ."

ಅಷ್ಟು ಹೇಳಿ ನನ್ನ ಹೆಗಲಿಗೇ ಒರಗಿ, ದಾವಣಗೆರೆ ಬರುವ ತನಕ ಸೊಗಸಾಗಿ ನಿದ್ದೆ ಮಾಡಿದಳು. ಅಷ್ಟೊಂದು ದಣಿದಿದ್ದ ನನಗೆ ಮಾತ್ರ ನಿದ್ದೆ ಬರಲಿಲ್ಲ.