ಹೆಸರಿನ ಭಾರಕ್ಕೆ ನಲುಗಿದ ಸರ್ವರ್

ಕ್ಲಾತೆನ್ ಊರಿನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಜತ್ಮಿಕೊ ಮೇಷ್ಟರ ನಾಮಕರಣಗಳಿಗೇ ಒಂದು ಪರ್ವ ಮೀಸಲಿಡಬೇಕಾಗುತ್ತದೆ. ಅವರ ಕೈಗೆ ಸಿಕ್ಕ ಯಾವ ವಸ್ತುವೂ ಬಿರುದಿಲ್ಲದೆ ಉಳಿದದ್ದಿಲ್ಲ. ಹೊಗೆಯುಗುಳುವ ಮೋಟಾರ್ ಬೈಕು ‘ಬಾಯು ವಿಜಯ’. ಅನ್ನದ ಕುಕ್ಕರು ‘ದೇವಿ ಶ್ರೀ’. ಪಕ್ಕದ ಮನೆಯ ಬೆಕ್ಕಿಗೂ ಸಾಮ್ರಾಟನ ಹೆಸರಿಟ್ಟರು. (ಅಂದಿನಿಂದ ಅದು ಕರೆದರೆ ಬರುವುದಿಲ್ಲ.)

ಇಂಥ ಮಹಾಪುರುಷರಿಗೆ ವೃತ್ತಿಶಾಲೆಯ ಅಪ್ಪಣೆಯಾಯಿತು: ಸೋಮವಾರದಿಂದ ವರ್ಚುವಲೈಸೇಶನ್ ಪಾಠ ಮಾಡಿ. ಅಂದರೆ ಒಂದೇ ಸರ್ವರಿನ ಹೊಟ್ಟೆಯಲ್ಲಿ ನಾಲ್ಕಾರು ಮಾಯಾ ಕಂಪ್ಯೂಟರುಗಳನ್ನು ಹುಟ್ಟಿಸಿ ಸಾಕುವ ವಿದ್ಯೆ. ಅದು ಮೇಷ್ಟರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ವಿದ್ಯೆಯಂತೂ ಮೊದಲೇ ಗೊತ್ತಿರಲಿಲ್ಲ. ಶಾಲೆ ಕೈಬಿಟ್ಟ ಹಳೆಯ ಸರ್ವರೊಂದನ್ನು ಮನೆಗೆ ತಂದು, ‘ಸೂರ್ಯ ಮಹಾರಾಜ ಭುವನ’ ಎಂದು ಪಟ್ಟಾಭಿಷೇಕ ಮಾಡಿ, ಅದರೊಳಗೆ ಮಾಯಾ ಕಂಪ್ಯೂಟರುಗಳೆಂಬ ನಾಲ್ವರು ರಾಜಕುಮಾರರನ್ನು ಪಡೆದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಮನೆಯಲ್ಲಿ ಶಾಂತಿ ಇರುತ್ತಿತ್ತು. ಹೆಂಡತಿ ಮುರ್ನಿ ಊಟದ ಡಬ್ಬ ಕಟ್ಟಿ ಕೊಡುವವಳು. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಬರೆದಿಟ್ಟಿದ್ದ ಆರ್ಡರುಗಳನ್ನೆಲ್ಲ ಮೇಷ್ಟರು ಮೂರನೆಯ ರಾಜಕುಮಾರನಿಗೆ ಒಪ್ಪಿಸಿಬಿಟ್ಟರು. ಹರಿದ ಕ್ಯಾಲೆಂಡರು ಕರಿದ ತೆಂಪೆಯ, ಅಂದರೆ ಸೋಯಾ ಬಿಲ್ಲೆಯ, ಎಣ್ಣೆ ಹೀರಿ ಕೃತಾರ್ಥವಾಯಿತು.

ಶುಕ್ರವಾರ ನಾಲ್ವರೂ ಕುಮಾರರು ಮೂರ್ಛೆ ಹೋದರು.

“ಮಾಸ್, ಭಾನುವಾರ ಏಳು ಮನೆಗೆ ಡಬ್ಬ ಹೋಗ್ಬೇಕು. ಯಾರಿಗೆ ಕೋಳಿ, ಯಾರಿಗೆ ಮೀನು, ಎಲ್ಲಾ ನಿಮ್ಮ ರಾಜಕುಮಾರನ ಹೊಟ್ಟೇಲಿದೆ!” ಎಂದಳು ಮುರ್ನಿ. (ಗಂಡ ಅವಳಿಗೆ ‘ಮಾಸ್’, ಅವಳು ಗಂಡನಿಗೆ ‘ದಿಕ್’.)

“ಸ್ವಲ್ಪ ಸುಸ್ತಾಗಿದಾನೆ, ದಿಕ್.”

“ಬೆಳಗ್ಗೆಯಿಂದ ಸುಸ್ತು! ಹೆರಿಗೆ ಆದೋರೂ ಇಷ್ಟೊತ್ತಿಗೆ ಎದ್ದು ಓಡಾಡ್ತಾರೆ.”

ಬೇಲಿಯಾಚೆಯ ಮುದುಕ ಮ್ಬಾಹ್ (ಅಂದರೆ ಅಜ್ಜ) ಪೊನಿಮಿನ್ ಈ ಸಂಭಾಷಣೆಯನ್ನು ಕೇಳಿಸಿಕೊಳ್ಳಲೆಂದೇ ಒಣಗಿದ ಗಿಡಕ್ಕೆ ನೀರು ಹಾಕುತ್ತಿದ್ದರು.

“ಹೆಸರು ಭಾರ ಆಗಿದೆ,” ಎಂದರು. “ನನಗೂ ಹುಟ್ಟಿದಾಗ ರಾಜರ ಹೆಸರಿಟ್ಟಿದ್ರು. ಮೂರು ತಿಂಗಳು ಬರೀ ಕೆಮ್ಮು. ಹೆಸರು ಬದಲಿಸಿ ಸಾದಾ ಪೊನಿಮಿನ್ ಅಂದ್ರು, ನೋಡು, ಎಂಬತ್ತೆರಡಾಯ್ತು.”

“ಕಂಪ್ಯೂಟರಿಗೂ ಹಂಗಾಗುತ್ತಾ, ಮ್ಬಾಹ್?” ಎಂದಳು ಮುರ್ನಿ.

“ಹೆಸರಿಟ್ಟಿದೆ ತಾನೆ, ನ್ದುಕ್, ಮಗಳೇ?”

ತರ್ಕ ಅಭೇದ್ಯವಾಗಿತ್ತು. ಹೆಸರು ಬದಲಿಸುವ ಶಾಸ್ತ್ರಕ್ಕೆಂದು ಮುರ್ನಿ ತಾಳೆಬೆಲ್ಲ ಹಾಕಿ ಕೆಂಪು ಗಂಜಿ, ತೆಂಗಿನಹಾಲು ಹಾಕಿ ಬಿಳಿ ಗಂಜಿ ಬೇಯಿಸಿದಳು. ನೆರೆಯವರು ಐದು ಮಂದಿ ಚಾಪೆಯ ಮೇಲೆ ಕುಳಿತರು. ಮ್ಬಾಹ್ ಪ್ರಾರ್ಥನೆ ಹೇಳುತ್ತಿದ್ದಂತೆ ಮೇಷ್ಟರು ಸರ್ವರಿನ ಹಳೆಯ ಹೆಸರನ್ನು ಅಳಿಸಿ ‘ಸ್ಲಾಮೆತ್’, ಅಂದರೆ ‘ಕ್ಷೇಮ’, ಎಂದು ಬರೆದರು. ಎಲ್ಲರೂ “ಆಮೀನ್” ಎಂದು ಗಂಜಿಗೆ ಕೈಹಾಕಿದರು.

ಸರ್ವರು ಮತ್ತೆ ಚಾಲೂ ಆಯಿತು. ಹೂವಿನಷ್ಟು ಹಗುರ! ಹಗುರವಾಗದೆ ಏನು? ಒಳಗೆ ಒಬ್ಬ ರಾಜಕುಮಾರನೂ ಇರಲಿಲ್ಲ.

“ನನ್ನ ಆರ್ಡರು ಎಲ್ಲಿ?” ಎಂದಳು ಮುರ್ನಿ, ಬಹಳ ಮೆಲ್ಲಗೆ. ಮೆಲ್ಲಗೆ ಮಾತಾಡುವ ಮುರ್ನಿಯನ್ನು ಕಂಡರೆ ಮೇಷ್ಟರಿಗೆ ಹೆದರಿಕೆ.

ಮೇಷ್ಟರು ಕೈಪಿಡಿ ತೆರೆದರು. ಅವರು ಹಾರಿಸಿ ಓದಿದ್ದ ಪುಟದಲ್ಲೇ ಇತ್ತು: ಒಳಗೆ ಯಂತ್ರಗಳಿರುವಾಗ ಸರ್ವರಿನ ಹೆಸರು ಬದಲಿಸಬೇಡಿ, ಬದಲಿಸಿದರೆ ಅವು ಪಟ್ಟಿಯಿಂದ ಕಾಣೆಯಾಗುತ್ತವೆ. ಮೇಷ್ಟರು ಗುಟ್ಟಾಗಿ ಹಳೆಯ ಹೆಸರನ್ನೇ ಮರಳಿಸಿದರು. ಕುಮಾರರೂ ಮರಳಿದರು, ಮರಳಿದವರೇ ಮತ್ತೆ ಮೂರ್ಛೆ ಹೋದರು.

ಮುರ್ನಿ ಪರದೆಯ ಮುಂದೆ ಬಂದು ನಿಂತಳು. “ಈ ಹದಿನಾರು ಏನು?”

“ಸರ್ವರಿನಲ್ಲಿರೋ ಮೆಮೊರಿ.”

“ಈ ಎಂಟು?”

“ಒಬ್ಬೊಬ್ಬ ಕುಮಾರನಿಗೆ ಕೊಟ್ಟ ಪಾಲು.”

“ನಾಲ್ಕು ಜನಕ್ಕೂ?”

“ರಾಜಕುಮಾರರಲ್ವಾ, ದಿಕ್...”

“ಹದಿನಾರು ಜನಕ್ಕೆ ಅನ್ನ ಬೇಯ್ಸಿ ಮೂವತ್ತೆರಡು ಜನರನ್ನ ಕೂರಿಸಿದೀರಲ್ಲ! ಮೂರು ಮೂರು ಬಡಿಸಿ. ಉಳಿದದ್ದು ಅಡುಗೆಯವನಿಗೆ, ಆ ಸರ್ವರಿಗೇ ಇರ್ಲಿ, ಅವನೂ ಉಣ್ಬೇಕು.”

ಮೇಷ್ಟರು ಹಾಗೆಯೇ ಬಡಿಸಿದರು. ಕುಮಾರರು ಒಬ್ಬೊಬ್ಬರಾಗಿ ಕಣ್ಣುಬಿಟ್ಟರು. ಮೂರನೆಯವನು ಏಳು ಮನೆಯ ಕೋಳಿ, ಮೀನುಗಳನ್ನು ತಪ್ಪಿಲ್ಲದೆ ಒಪ್ಪಿಸಿದ. ಮುರ್ನಿ ಅಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಅಡುಗೆಮನೆಗೆ ನಡೆದಳು.

ಚಾಪೆಯ ಮೇಲಿದ್ದವರು ಹರ್ಷೋದ್ಗಾರ ಮಾಡಿದರು. ಮ್ಬಾಹ್ ಪೊನಿಮಿನ್ ಬಟ್ಟಲನ್ನು ಬೆರಳಿನಿಂದ ಸವರಿ ಗಂಭೀರವಾಗಿ ಕೇಳಿದರು:

“ಗಂಜಿ ಫಲವೋ, ಪ್ರಾರ್ಥನೆ ಫಲವೋ, ನೀನೇ ಹೇಳ್ಬೇಕು. ಸೋಮವಾರ ಮಕ್ಕಳೂ ಕೇಳ್ತಾರೆ. ಅದಕ್ಕೆ ಏನಾಗಿತ್ತಪ್ಪಾ?”

ಮೇಷ್ಟರು ಗಂಟಲು ಸರಿಪಡಿಸಿಕೊಂಡರು. ಭವ್ಯವಾದ ಮೂರು ಶಬ್ದಗಳು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

“ಏನೂ ಆಗಿರ್ಲಿಲ್ಲ, ಮ್ಬಾಹ್. ನಾನು ಲೆಕ್ಕ ಕೂಡಿ ನೋಡಿರ್ಲಿಲ್ಲ.”